ಬೈಪಾಸ್ ಆದವನಿಗೆ ಯೆಜ್ಡಿ ಹೊಂದಿಸಿಕೊಟ್ಟ ಗ್ಯಾರೇಜು

ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಆಟೋ ಕಾಂಪ್ಲೆಕ್ಸಿನ ಕಡೆ ಹೋದರೆ, ಲಾರಿ ಬಾಡಿ ಕಟ್ಟುವವರು, ಪೇಂಟ್ ಹೊಡೆಯುವವರು, ರೇಡಿಯೇಟರ್ ಬೆಸುಗೆ ಹಾಕುವವರ ನಡುವೆ ತಗಡಿನ ಸೂರಿನ ಒಂದು ಸಣ್ಣ ಮೋಟಾರ್ ಸೈಕಲ್ ಗ್ಯಾರೇಜು ಇದೆ. ಅದಕ್ಕೆ ಬೋರ್ಡ್ ಇಲ್ಲ. ಹೊರಗೆ ನಿಲ್ಲಿಸಿರುವ ಎರಡು ಮೂರು ಹಳೆಯ ಜಾವಾ, ಯೆಜ್ಡಿಗಳೇ ಅದರ ಗುರುತು. ಅಕ್ಕಪಕ್ಕದವರನ್ನು ‘ಯೆಜ್ಡಿ ಮೇಸ್ತ್ರಿ ಎಲ್ಲಿ’ ಎಂದು ಕೇಳಿದರೆ ಕೈತೋರಿಸುತ್ತಾರೆ. ಒಂದು ವರ್ಷದ ಹಿಂದೆ ನನ್ನ ಯೆಜ್ಡಿ 250 ಬೈಕನ್ನು ಅಲ್ಲಿಗೆ ಬಿಟ್ಟಾಗ ಗಾಡಿಯಲ್ಲಿ ಹೇಳಿಕೊಳ್ಳುವಂಥ ದೋಷವೇನೂ ಇರಲಿಲ್ಲ. ಬದಲಾಗಿದ್ದುದು ನನ್ನ ಮೈ. ಆ ಮೈಗೆ ಗಾಡಿಯನ್ನು ಹೊಂದಿಸಿ ಕೊಡುವುದೇ ನಾನು ಅವರಿಗೆ ಒಪ್ಪಿಸಿದ ಕೆಲಸ. ಒಂದು ಬೇಸಿಗೆ, ಒಂದು ಪೂರ್ತಿ ಮಳೆಗಾಲ ಓಡಿಸಿ ನೋಡಿದ ನಂತರ ಆ ಕೆಲಸ ಹೇಗಾಗಿದೆ ಎಂದು ಬರೆಯುವ ಧೈರ್ಯ ಬಂದಿದೆ.

ನನಗೆ ಈಗ 62 ವರ್ಷ. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನನಗೆ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು. ಹೃದಯದ ಮೂರು ರಕ್ತನಾಳಗಳಲ್ಲಿ ತಡೆಯಿದ್ದುದರಿಂದ ಎದೆಗೂಡಿನ ಒಳಗೋಡೆಯ ಎಡಭಾಗದ ಒಂದು ಅಪಧಮನಿಯನ್ನೂ, ಎಡಗಾಲಿನಿಂದ ತೆಗೆದ ಅಭಿಧಮನಿಯ ಎರಡು ತುಂಡುಗಳನ್ನೂ ಬಳಸಿ ರಕ್ತಕ್ಕೆ ಹೊಸ ದಾರಿ ಮಾಡಿಕೊಟ್ಟರು. ಹೃದಯವನ್ನು ತಲುಪಲು ಎದೆಯ ನಡುವಿನ ಚಪ್ಪಟೆ ಮೂಳೆಯನ್ನು ಮೇಲಿನಿಂದ ಕೆಳಗಿನವರೆಗೆ ಗರಗಸದಿಂದ ಸೀಳಿ, ಕೆಲಸ ಮುಗಿದ ಮೇಲೆ ಸ್ಟೀಲ್ ತಂತಿಯಿಂದ ಬಿಗಿದು ಕೂಡಿಸುತ್ತಾರೆ. ಆ ಮೂಳೆ ಬೆಸೆದುಕೊಳ್ಳಲು ಆರರಿಂದ ಎಂಟು ವಾರ ಬೇಕು. ಗಟ್ಟಿಯಾಗಲು ಸುಮಾರು ಮೂರು ತಿಂಗಳು. ಅಲ್ಲಿಯವರೆಗೆ ಭಾರ ಎತ್ತಬಾರದು, ನೂಕಬಾರದು, ಎಳೆಯಬಾರದು, ಎರಡೂ ಕೈ ಊರಿ ಏಳಬಾರದು ಎಂದು ಆಸ್ಪತ್ರೆಯಿಂದ ಬಿಡುವಾಗ ಹೇಳಿ ಕಳಿಸಿದರು.

ಮನೆಯಲ್ಲಿ ಮಲಗಿದ್ದ ದಿನಗಳಲ್ಲಿ ಆ ಪಟ್ಟಿಯನ್ನು ಮೋಟಾರ್ ಸೈಕಲ್ಲಿನ ಪಕ್ಕದಲ್ಲಿಟ್ಟು ಯೋಚಿಸುತ್ತಿದ್ದೆ. ನೂಕಬಾರದು ಎಂದರೆ ಶೆಡ್ಡಿನಿಂದ ಗಾಡಿ ಹೊರಗೆ ತರುವಂತಿಲ್ಲ. ಎಳೆಯಬಾರದು ಎಂದರೆ ಸೆಂಟರ್ ಸ್ಟ್ಯಾಂಡ್ ಹಾಕುವಂತಿಲ್ಲ. ಎಡಗಾಲಿನ ರಕ್ತನಾಳ ತೆಗೆದಿದ್ದಾರೆ. ಯೆಜ್ಡಿಯ ಕಿಕ್ಕರ್ ಇರುವುದು ಎಡಗಡೆ. ಎದೆಯ ಎಡಭಾಗ ಜೋಮು ಹಿಡಿದಂತಿದೆ. ಕ್ಲಚ್ ಹಿಡಿಯುವುದು ಎಡಗೈ. ಜನ ನನ್ನನ್ನು ‘ಇನ್ನು ಮೇಲೆ ರಸ್ತೆಗಿಳಿಯುತ್ತೀರಾ’ ಎಂದು ಕೇಳುತ್ತಿದ್ದರು. ನನಗೆ ರಸ್ತೆಗಿಂತ ಗಾಡಿ ನಿಂತಲ್ಲಿಯೇ ಹೆಚ್ಚು ಅಪಾಯ ಕಾಣುತ್ತಿತ್ತು. ಓಡುತ್ತಿರುವ ಮೋಟಾರ್ ಸೈಕಲ್ ತನ್ನ ಭಾರವನ್ನು ತಾನೇ ಹೊರುತ್ತದೆ. ನಿಂತ ಗಾಡಿಯ ಭಾರ ಬೀಳುವುದು ಸವಾರನ ಎದೆಯ ಮೇಲೆ.

ಡಿಸೆಂಬರಿನಲ್ಲಿ ಮೂರು ತಿಂಗಳ ತಪಾಸಣೆಗೆ ಹೋದಾಗ ವೈದ್ಯರು ಎಕೋ ಮಾಡಿಸಿ, ಟ್ರೆಡ್‌ಮಿಲ್ ಮೇಲೆ ನಡೆಸಿ, ಎದೆಯ ಮೂಳೆಯನ್ನು ಒತ್ತಿ ನೋಡಿದರು. ಬೈಕಿನ ವಿಷಯ ಎತ್ತಿದಾಗ ಬೇಡ ಎನ್ನಲಿಲ್ಲ. ‘ಕಿಕ್ಕಾ, ಸೆಲ್ಫಾ?’ ಎಂದು ಕೇಳಿದರು. ಕಿಕ್ ಎಂದೆ. ಇನ್ನೂ ಎರಡು ತಿಂಗಳು ತಡೆಯಿರಿ, ದಿನಾ ನಡೆಯುವುದನ್ನು ಬಿಡಬೇಡಿ, ಮತ್ತೆ ಬಂದು ತೋರಿಸಿ ಎಂದರು. ಆ ಎರಡು ತಿಂಗಳಲ್ಲಿ ಗಾಡಿಯನ್ನು ಸಿದ್ಧಮಾಡಿಸಿಕೊಳ್ಳೋಣ ಎಂದುಕೊಂಡೆ.

ಮೊದಲು ಹೋದ ಎರಡು ಕಡೆಯೂ ಹಳೆಯ ಗಾಡಿ ಮಾರಿ ಗೇರ್ ಇಲ್ಲದ ಸ್ಕೂಟರ್ ತೆಗೆದುಕೊಳ್ಳಿ ಎಂದರು. ಅದು ಕೆಟ್ಟ ಸಲಹೆಯಲ್ಲ. ಸೆಲ್ಫ್ ಸ್ಟಾರ್ಟ್ ಇರುವ, ನೂರರಿಂದ ನೂರಹತ್ತು ಕೆ.ಜಿ. ತೂಗುವ ಸ್ಕೂಟರ್ ಬೈಪಾಸ್ ಆದ ಹೆಚ್ಚಿನವರಿಗೆ ಯಾವುದೇ ಮೋಟಾರ್ ಸೈಕಲ್ಲಿಗಿಂತ ವಾಸಿ, ಮತ್ತು ನನ್ನ ಹಾಗೆ ಗಾಡಿಯೊಂದಿಗೆ ಹಳೆಯ ನಂಟಿಲ್ಲದವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ 1984ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಈ ಗಾಡಿಯನ್ನು ನಾನು ನೌಕರಿಗೆ ಸೇರಿದ ಹೊಸತರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. ತೀರ್ಥಹಳ್ಳಿ ಕಡೆಯ ಶಾಲೆಗಳಿಗೆ ವರ್ಗವಾದಾಗಲೆಲ್ಲ ಟ್ರಂಕು, ಹಾಸಿಗೆ ಸುರುಳಿ ಹೊತ್ತು ಬಂದದ್ದು ಇದೇ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಇದನ್ನು ಮಾರಿ ಇನ್ನೊಂದನ್ನು ತರುವ ಮನಸ್ಸು ನನಗಿರಲಿಲ್ಲ. ತೂಕದಲ್ಲಿಯೂ ಯೆಜ್ಡಿ ಈಗಿನ 350 ಸಿಸಿ ಗಾಡಿಗಳಿಗಿಂತ ಎಷ್ಟೋ ಹಗುರ. ಅವು 180, 195 ಕೆ.ಜಿ. ತೂಗಿದರೆ ಇದು 140ರ ಆಸುಪಾಸು, ಸೀಟಿನ ಎತ್ತರವೂ ಕಡಿಮೆ.

ಮೇಸ್ತ್ರಿಯ ಬಳಿ ಮೊದಲ ದಿನ ನಡೆದ ಮಾತೇ ನನಗೆ ಈ ಗ್ಯಾರೇಜಿನ ಮೇಲೆ ನಂಬಿಕೆ ಹುಟ್ಟಿಸಿತು. ಗಾಡಿಯನ್ನು ನೆರೆಮನೆಯ ಹುಡುಗ ಓಡಿಸಿಕೊಂಡು ಬಂದಿದ್ದ. ನಾನು ಆಟೋದಲ್ಲಿ ಹಿಂದೆಯೇ ಬಂದೆ. ಮೇಸ್ತ್ರಿ ಇಂಜಿನ್ ಶಬ್ದವನ್ನು ಅರ್ಧ ನಿಮಿಷ ಕೇಳಿ ಬಂದ್ ಮಾಡಿದರು. ಆಮೇಲೆ ನನ್ನತ್ತ ತಿರುಗಿ, ‘ಗಾಡಿ ವಿಷ್ಯ ಆಮೇಲೆ ನೋಡೋಣ ಮೇಷ್ಟ್ರೇ. ಡಾಕ್ಟ್ರು ಏನೇನ್ ಮಾಡ್ಬೇಡಿ ಅಂದಿದಾರೆ, ಅದನ್ ಮೊದ್ಲು ಹೇಳಿ’ ಎಂದರು. ನಾನು ಒಂದೊಂದಾಗಿ ಹೇಳುತ್ತ ಹೋದಂತೆ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು. ಯಾವ ಕಾಲು, ಯಾವ ಕೈ, ಮಾತ್ರೆ ಏನು, ಬಗ್ಗಿ ಎದ್ದರೆ ತಲೆ ಸುತ್ತುತ್ತದೆಯೇ, ಮನೆಯ ಅಂಗಳ ರಸ್ತೆಗಿಂತ ಮೇಲಿದೆಯೋ ಕೆಳಗಿದೆಯೋ ಎಂದೆಲ್ಲ ಕೇಳಿದರು. ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ನನ್ನನ್ನು ಕೂರಿಸಿ, ಭುಜದಿಂದ ಹ್ಯಾಂಡಲ್ ಹಿಡಿಯವರೆಗಿನ ದೂರವನ್ನು ದಾರ ಹಿಡಿದು ಅಳೆದುಕೊಂಡರು. ‘ಡಾಕ್ಟ್ರು ಹ್ಞೂಂ ಅಂತ ಬಾಯಿ ಬಿಟ್ ಹೇಳೋ ತನಕ ಗಾಡಿ ನನ್ ಹತ್ರಾನೇ ಇರ್ಲಿ’ ಎಂದು ಕೊನೆಗೆ ಹೇಳಿದರು. ಹಾಗೆಯೇ ನಡೆದುಕೊಂಡರು.

ಎಲ್ಲಕ್ಕಿಂತ ಹೆಚ್ಚು ಬುದ್ಧಿ ಖರ್ಚಾದದ್ದು ಸ್ಟ್ಯಾಂಡಿನ ಮೇಲೆ. ಸೆಂಟರ್ ಸ್ಟ್ಯಾಂಡ್ ಹಾಕುವಾಗ ನಾವು ಕಾಲಿನಿಂದ ತುಳಿಯುತ್ತೇವೆ ಎಂದುಕೊಂಡಿದ್ದರೂ ಅರ್ಧ ಕೆಲಸ ಮಾಡುವುದು ಬಲಗೈ. ಸೀಟಿನ ಪಕ್ಕದ ಹಿಡಿಯನ್ನು ಅದು ಮೇಲಕ್ಕೂ ಹಿಂದಕ್ಕೂ ಎಳೆಯುತ್ತದೆ, ಆ ಎಳೆತ ನೇರವಾಗಿ ಎದೆಯ ಮೂಳೆಗೆ ಬರುತ್ತದೆ. ಮೇಸ್ತ್ರಿ ಸ್ಟ್ಯಾಂಡಿನ ತುಳಿಯುವ ತುದಿಗೆ ಎರಡು ಇಂಚಿನ ಕಬ್ಬಿಣದ ತುಂಡು ಬೆಸೆದು ಉದ್ದ ಮಾಡಿದರು. ಸನ್ನೆಯ ತೋಳು ಉದ್ದವಾದಷ್ಟೂ ಬೇಕಾದ ಬಲ ಕಡಿಮೆ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದವನು ನಾನು. ಅದನ್ನು ನನ್ನ ಗಾಡಿಯಲ್ಲಿ ಮಾಡಬಹುದೆಂದು ನನಗೆ ಹೊಳೆದಿರಲಿಲ್ಲ. ಅದರ ಜೊತೆಗೆ ಒಂದು ಇಂಚು ದಪ್ಪದ ಹಲಗೆಯ ತುಂಡು ಕೊಟ್ಟು, ಮನೆಯಲ್ಲಿ ಹಿಂದಿನ ಚಕ್ರವನ್ನು ಮೊದಲು ಅದರ ಮೇಲೆ ಹತ್ತಿಸಿ ಆಮೇಲೆ ಸ್ಟ್ಯಾಂಡ್ ತುಳಿಯಲು ಹೇಳಿದರು. ಚಕ್ರ ಮೊದಲೇ ಒಂದು ಇಂಚು ಎತ್ತರದಲ್ಲಿರುವುದರಿಂದ ಗಾಡಿಯನ್ನು ಎತ್ತುವ ಕೆಲಸವೇ ಉಳಿಯುವುದಿಲ್ಲ. ಈಗ ಬಲಗೈಯನ್ನು ಹಿಡಿಯ ಮೇಲೆ ಇಟ್ಟಿರುತ್ತೇನೆ, ಅಷ್ಟೆ, ಮೈಭಾರವೊಂದೇ ಸಾಕು.

ಮನೆಯ ಹೊರಗೆ ಬಳಸಲು ಸೈಡ್ ಸ್ಟ್ಯಾಂಡ್ ಹೊಸದಾಗಿ ಮಾಡಿದರು. ಅದರ ಪಾದಕ್ಕೆ ಅಂಗೈಯಗಲದ ತಗಡು ಬೆಸೆದಿದ್ದಾರೆ. ಮಳೆಗಾಲದ ಮೆತ್ತನೆಯ ಕೆಮ್ಮಣ್ಣಿನಲ್ಲಿ ಹುಗಿಯದಿರಲಿ ಎಂದು. ಉದ್ದವನ್ನೂ ಸ್ವಲ್ಪ ಹೆಚ್ಚಿಸಿದರು. ಗಾಡಿ ಹೆಚ್ಚು ವಾಲಿ ನಿಂತಷ್ಟೂ ಅದನ್ನು ನೆಟ್ಟಗೆ ಮಾಡುವಾಗ ಎದೆಗೆ ಎಳೆತ ಹೆಚ್ಚು ಎಂಬುದು ಅವರ ಲೆಕ್ಕ. ಲೆಕ್ಕ ಸರಿ. ಆದರೆ ಮೊದಲ ಸಲ ಮಾಡಿದ ಸ್ಟ್ಯಾಂಡ್ ಅರ್ಧ ಇಂಚು ಜಾಸ್ತಿಯೇ ಉದ್ದವಾಗಿತ್ತು. ಗಾಡಿ ಕೈಗೆ ಬಂದ ಎರಡನೆಯ ವಾರ ದುರ್ಗಿಗುಡಿಯಲ್ಲಿ ಔಷಧದ ಅಂಗಡಿಯ ಎದುರು, ರಸ್ತೆ ಬಲಕ್ಕೆ ಇಳಿಜಾರಾಗಿರುವ ಜಾಗದಲ್ಲಿ ನಿಲ್ಲಿಸಿ ತಿರುಗುವಷ್ಟರಲ್ಲಿ ಅದು ಬಲಗಡೆಗೆ ವಾಲತೊಡಗಿತು. ಕೈ ತಾನಾಗಿಯೇ ಮುಂದೆ ಹೋಯಿತು, ಅರ್ಧಕ್ಕೆ ಹಿಂದೆ ತೆಗೆದುಕೊಂಡೆ. ಗಾಡಿ ಬಿದ್ದು ಕನ್ನಡಿ ಒಡೆಯಿತು, ಟ್ಯಾಂಕಿನ ಬದಿ ತಗ್ಗಾಯಿತು. ಅಂಗಡಿಯ ಇಬ್ಬರು ಹುಡುಗರು ಬಂದು ಎತ್ತಿಕೊಟ್ಟರು.

ನಾನು ಕೈ ಹಿಂದೆ ತೆಗೆದುಕೊಂಡದ್ದಕ್ಕೂ ಮೇಸ್ತ್ರಿಯೇ ಕಾರಣ. ಗಾಡಿ ಒಪ್ಪಿಸುವ ದಿನ ಅವರು ಹೇಳಿದ ಮಾತು: ‘ಬೀಳೋ ಗಾಡಿನ ಹಿಡಿಯೋಕೆ ಹೋಗ್ಬೇಡಿ. ಬಿದ್ರೆ ಬೀಳ್ಲಿ ಬಿಡಿ ಮೇಷ್ಟ್ರೇ, ತಗಡು ನಾನು ತಟ್ಟಿ ಕೊಡ್ತೀನಿ. ಎದೆ ತಟ್ಟಿ ಕೊಡೋಕೆ ನನ್ ಕೈಲಾಗಲ್ಲ.’ ಸ್ಟ್ಯಾಂಡಿನ ತಪ್ಪನ್ನು ಅವರು ವಾದಿಸದೆ ಒಪ್ಪಿಕೊಂಡು ಅದೇ ದಿನ ಕತ್ತರಿಸಿ ಸರಿಮಾಡಿದರು, ಟ್ಯಾಂಕನ್ನೂ ತಟ್ಟಿ ಬಣ್ಣ ಹಚ್ಚಿದರು, ದುಡ್ಡು ಮುಟ್ಟಲಿಲ್ಲ. ಆದರೂ ಇಳಿಜಾರಿನಲ್ಲಿ ಎರಡೂ ಬದಿಗೆ ನಿಲ್ಲಿಸಿ ನೋಡಿಯೇ ಗಾಡಿ ಕೊಡಬೇಕಿತ್ತು. ಈ ಕೆಲಸ ಮಾಡಿಸುವವರು ಆ ಪರೀಕ್ಷೆಯನ್ನು ಅವರ ಎದುರಿನಲ್ಲಿಯೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಕಿಕ್ಕಿನ ವಿಷಯಕ್ಕೆ ಬರುತ್ತೇನೆ. ಯೆಜ್ಡಿಯಲ್ಲಿ ಗೇರ್ ಲಿವರ್ ಮತ್ತು ಕಿಕ್ಕರ್ ಎರಡೂ ಒಂದೇ; ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಸೀಟಿನ ಮೇಲೆ ಕುಳಿತು ಎಡಗಾಲಿನಿಂದ ಹೊಡೆಯುವುದು ನನ್ನ ಅಭ್ಯಾಸ. ರಕ್ತನಾಳ ತೆಗೆದ ಆ ಕಾಲು ಸಂಜೆಯ ಹೊತ್ತಿಗೆ ಹರಡಿನ ಬಳಿ ಊದುತ್ತಿತ್ತು, ಮೊಣಕಾಲಿನ ಕೆಳಗಿನ ಗಾಯದ ಗೆರೆ ಬಿಗಿಯುತ್ತಿತ್ತು. ಇದಕ್ಕೆ ಹೊಸ ಬಿಡಿಭಾಗ ಯಾವುದೂ ಬೇಕಾಗಲಿಲ್ಲ. ‘ಮೇಲೆ ಕೂತೇ ಹೊಡೀಬೇಕು ಅಂತ ಯಾರ್ ಹೇಳಿದ್ದು?’ ಎಂದು ಮೇಸ್ತ್ರಿ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಅದರ ಎಡಬದಿಗೆ ನಿಂತು ಬಲಗಾಲಿನಿಂದ ಕಿಕ್ ಹೊಡೆದು ತೋರಿಸಿದರು. ಮೂವತ್ತೈದು ವರ್ಷ ಇದನ್ನು ಓಡಿಸಿದ ನನಗೆ ಆ ದಾರಿ ತಿಳಿದಿರಲಿಲ್ಲ. ಹೀಗೆ ಹೊಡೆಯುವಾಗ ಹ್ಯಾಂಡಲ್ಲಿನ ಮೇಲೆ ಕೈಯ ಭಾರ ಬೀಳುವುದೂ ಕಡಿಮೆ. ಉಳಿದದ್ದು ಇಂಜಿನ್ನಿನ ಕೆಲಸ. ಪಾಯಿಂಟ್ ಬದಲಿಸಿ ಟೈಮಿಂಗ್ ಕೂಡಿಸಿದರು, ಕಾರ್ಬ್ಯುರೇಟರ್ ತೊಳೆದರು, ಜೋಡಿ ಸೈಲೆನ್ಸರ್‌ಗಳಲ್ಲಿ ಕಟ್ಟಿದ್ದ ಇಂಗಾಲ ಕೆರೆದರು. ಮೊದಲೆಲ್ಲ ಐದಾರು ಕಿಕ್ ಬೇಡುತ್ತಿದ್ದ ಗಾಡಿ ಈಗ ಬೆಳಗಿನ ಚಳಿಯಲ್ಲಿ ಎರಡಕ್ಕೆ, ಬಿಸಿಯಾಗಿದ್ದರೆ ಒಂದಕ್ಕೆ ಹತ್ತುತ್ತದೆ. ಮೂರರಲ್ಲಿ ಹತ್ತದಿದ್ದರೆ ಅಲ್ಲಿಗೆ ನಿಲ್ಲಿಸಿ ಹತ್ತು ನಿಮಿಷ ಕೂರಬೇಕು ಎಂಬುದು ನಾನು ನನಗೆ ಹಾಕಿಕೊಂಡ ನಿಯಮ.

ಕ್ಲಚ್ ಈ ಗಾಡಿಯ ದೊಡ್ಡ ಗುಣವೆಂದು ನನಗೆ ಈಗ ತಿಳಿಯುತ್ತಿದೆ. ಹಳೆಯ ಜಾವಾ, ಯೆಜ್ಡಿಗಳಲ್ಲಿ ಗೇರ್ ಲಿವರನ್ನು ಕಾಲಿನಿಂದ ಒತ್ತಿದೊಡನೆ ಒಳಗಿರುವ ಒಂದು ಕ್ಯಾಮ್ ಕ್ಲಚ್ಚನ್ನು ತಾನಾಗಿಯೇ ಬಿಡಿಸುತ್ತದೆ. ಕೈಯಲ್ಲಿ ಕ್ಲಚ್ ಹಿಡಿಯದೆಯೂ ಗೇರ್ ಬೀಳುತ್ತದೆ. ಹೊಂದಾಣಿಕೆ ತಪ್ಪಿದರೆ ಇದು ಕೆಲಸ ಮಾಡುವುದಿಲ್ಲ, ಮತ್ತು ಎಷ್ಟೋ ಗಾಡಿಗಳಲ್ಲಿ ತಪ್ಪಿಯೇ ಇರುತ್ತದೆ. ನನ್ನದರಲ್ಲಿ ಹತ್ತು ಹದಿನೈದು ವರ್ಷದಿಂದ ತಪ್ಪಿತ್ತು. ಮೇಸ್ತ್ರಿ ಪ್ಲೇಟುಗಳನ್ನು ಬದಲಿಸಿ, ಈ ಹೊಂದಾಣಿಕೆಗೆಂದೇ ಅರ್ಧ ದಿನ ಕುಳಿತರು. ಕೇಬಲ್ ಕೂಡ ಒಳಗೆ ಪ್ಲಾಸ್ಟಿಕ್ ಪದರವಿರುವ ಹೊಸದು ಹಾಕಿ, ಎಲ್ಲಿಯೂ ಚೂಪಾಗಿ ಬಾಗದ ಹಾಗೆ ಹಾಯಿಸಿದರು. ಗಾಡಿ ಹೊರಡಿಸುವಾಗ ಮತ್ತು ನಿಲ್ಲಿಸುವಾಗ ಮಾತ್ರ ನಾನು ಎಡಗೈ ಬಳಸುತ್ತೇನೆ. ಓಡುವಾಗಿನ ಗೇರೆಲ್ಲ ಕಾಲಿನದೇ. ಅಮೀರ್ ಅಹಮದ್ ವೃತ್ತದಿಂದ ಗೋಪಿ ವೃತ್ತದವರೆಗಿನ ಸಂಜೆಯ ದಟ್ಟಣೆಯಲ್ಲಿ ಮೊದಲ ತಿಂಗಳು ಹೋಗಿದ್ದರೆ ಎಡ ಎದೆ ಸೆಳೆಯುತ್ತಿತ್ತೋ ಏನೋ. ನಾನು ಹೋದದ್ದು ಮೂರನೆಯ ತಿಂಗಳು, ಏನೂ ಆಗಲಿಲ್ಲ.

ಹ್ಯಾಂಡಲ್ಲನ್ನು ಒಂದೂವರೆ ಇಂಚು ಎತ್ತರಿಸಿ ಸವಾರನ ಕಡೆಗೆ ಬಾಗಿಸಿದ್ದಾರೆ. ಬೆನ್ನು ನೆಟ್ಟಗಿರುತ್ತದೆ, ಮೊಣಕೈ ಮಡಿಚಿರುತ್ತದೆ, ಗುಂಡಿಯ ಹೊಡೆತ ತೋಳಿನಲ್ಲಿಯೇ ಕರಗುತ್ತದೆ. ಶಾಕ್ ಅಬ್ಸಾರ್ಬರಿನ ಸ್ಪ್ರಿಂಗುಗಳನ್ನೂ ಫೋರ್ಕಿನ ಎಣ್ಣೆಯನ್ನೂ ಬದಲಿಸಿದರು, ಸೀಟಿಗೆ ಹೊಸ ಫೋಮ್ ಹಾಕಿಸಿದರು. ಇಲ್ಲಿ ನನಗೆ ಪೂರ್ತಿ ತೃಪ್ತಿಯಿಲ್ಲ. ಈ ಗಾಡಿಯ ಚಕ್ರ 16 ಇಂಚಿನದು. ಸಣ್ಣ ಚಕ್ರ ಗುಂಡಿಯೊಳಗೆ ಹೆಚ್ಚು ಇಳಿಯುತ್ತದೆ, ಅದನ್ನು ಯಾವ ಸ್ಪ್ರಿಂಗೂ ಪೂರ್ತಿ ಮುಚ್ಚಿಹಾಕಲಾರದು. ಮಳೆಗಾಲ ಮುಗಿದ ಮೇಲಿನ ನಮ್ಮ ರಸ್ತೆಗಳಲ್ಲಿ ಗಂಟೆಗೆ 40 ಕಿ.ಮೀ. ದಾಟಿದರೆ ಎದೆಯ ತಂತಿಗಳ ಜಾಗ ನೆನಪಿಗೆ ಬರುತ್ತದೆ. ಆದ್ದರಿಂದ ದಾಟುವುದಿಲ್ಲ.

ನನಗೆ ಬಹಳ ಹಿಡಿಸಿದ್ದು ನಾನು ಕೇಳದೆಯೇ ಮಾಡಿದ ಒಂದು ಕೆಲಸ. ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರಿಗೆ ಸಣ್ಣ ಗೀರಾದರೂ ರಕ್ತ ನಿಲ್ಲಲು ಹೊತ್ತು ಹಿಡಿಯುತ್ತದೆ ಎಂದು ಮಾತಿನ ನಡುವೆ ಹೇಳಿದ್ದೆ. ಗಾಡಿ ವಾಪಸು ಬಂದಾಗ ನಂಬರ್ ಪ್ಲೇಟಿನ ಮೂಲೆಗಳು, ಮಡ್‌ಗಾರ್ಡಿನ ಅಂಚು, ಲೆಗ್ ಗಾರ್ಡಿನ ಬೋಲ್ಟುಗಳ ತುದಿ ಎಲ್ಲವನ್ನೂ ಅರದಿಂದ ಉಜ್ಜಿ ಗುಂಡಗೆ ಮಾಡಿದ್ದರು. ಟ್ಯಾಂಕಿನ ಅಡಿಯ ಪೆಟ್ರೋಲ್ ಕಾಕಿನ ಬಿಗಿಯನ್ನೂ ಬಿಡಿಸಿ, ಬಗ್ಗಿ ಹುಡುಕದೆ ಬೆರಳ ತುದಿಯಲ್ಲಿ ತಿರುಗುವ ಹಾಗೆ ಮಾಡಿದ್ದರು. ಹೃದಯದ ಬಡಿತ ಇಳಿಸುವ ಮಾತ್ರೆ ನುಂಗುವವನು ಬಗ್ಗಿ ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುವುದುಂಟು. ಮೊದಲ ದಿನದ ಕ್ಯಾಲೆಂಡರಿನ ಹಾಳೆಯಲ್ಲಿ ಬರೆದುಕೊಂಡದ್ದನ್ನು ಅವರು ಒಂದೂ ಬಿಡದೆ ಓದಿ ಕೆಲಸ ಮಾಡಿದ್ದಾರೆ ಎಂದು ನನಗೆ ಆಗ ಗೊತ್ತಾಯಿತು.

ವಿನೋಬನಗರದ ನಮ್ಮ ಮನೆಯ ಅಂಗಳ ರಸ್ತೆಗಿಂತ ಕೆಳಗಿದೆ. ಮೊದಲು ಗಾಡಿಯನ್ನು ನೇರವಾಗಿ ಒಳಗೆ ಇಳಿಸಿ, ಬೆಳಿಗ್ಗೆ ಹಿಂದಕ್ಕೆ ಏರಿನಲ್ಲಿ ನೂಕಿ ಹೊರತರುತ್ತಿದ್ದೆ. ಈಗ ಅವರು ಹೇಳಿದಂತೆ ರಸ್ತೆಯಲ್ಲಿಯೇ ಗಾಡಿ ತಿರುಗಿಸಿಕೊಂಡು, ಮೇಲೆ ಕುಳಿತು ಬ್ರೇಕ್ ಹಿಡಿಯುತ್ತ ಹಿಮ್ಮುಖವಾಗಿ ಇಳಿಸುತ್ತೇನೆ. ಬೆಳಿಗ್ಗೆ ಇಂಜಿನ್ನಿನ ಬಲದಲ್ಲಿ ಮೇಲೆ ಬರುತ್ತೇನೆ. ನೂಕುವ ಪ್ರಸಂಗವೇ ಇಲ್ಲ.

ಇನ್ನು ಕೊರತೆಗಳು. ಹದಿನೈದು ದಿನ ಎಂದವರು ಏಳು ವಾರ ತೆಗೆದುಕೊಂಡರು. ನನಗೆ ಹೇಗೂ ವೈದ್ಯರ ಒಪ್ಪಿಗೆ ಬೇಕಿದ್ದುದರಿಂದ ನಷ್ಟವಾಗಲಿಲ್ಲ, ಆದರೆ ಗಾಡಿ ಇಲ್ಲದೆ ದಿನ ಕಳೆಯಲಾಗದವರಿಗೆ ಇದು ತೊಂದರೆ. ಫೋನ್ ಎತ್ತುವುದು ಅಪರೂಪ; ಹೋಗಿಯೇ ವಿಚಾರಿಸಬೇಕು. ಬಿಡಿಭಾಗಗಳಿಗೆ 11,200 ರೂಪಾಯಿ, ಮಜೂರಿ 6,500 ರೂಪಾಯಿ ಆಯಿತು. ಕೆಲಸಕ್ಕೆ ಹೋಲಿಸಿದರೆ ಇದು ಹೆಚ್ಚಲ್ಲ, ಆದರೆ ಬಿಲ್ ಕೊಡಲಿಲ್ಲ, ಕೇಳಿದ ಮೇಲೆ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಬದಲಿಸುವ ಮೊದಲು ನನ್ನನ್ನು ಒಂದು ಮಾತು ಕೇಳಬೇಕಿತ್ತು; ಹಾಕಿದ ಮೇಲೆ ತಿಳಿಸಿದರು. ಹೆಡ್‌ಲೈಟ್ ಹಳೆಯ 6 ವೋಲ್ಟಿನದೇ ಉಳಿದಿದೆ. ಅದನ್ನು 12 ವೋಲ್ಟಿಗೆ ಬದಲಿಸುವ ಕೆಲಸ ತನ್ನದಲ್ಲ, ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ ಎಂದರು. ನಾನು ಮಾಡಿಸಲಿಲ್ಲ, ಕತ್ತಲಾಗುವ ಮೊದಲು ಮನೆ ಸೇರುತ್ತೇನೆ. ಗ್ಯಾರೇಜಿನಲ್ಲಿ ಕೂರಲು ಕುರ್ಚಿಯಿಲ್ಲ ಎಂಬುದನ್ನೂ ಹೇಳಬೇಕು. ಆಪರೇಷನ್ ಆಗಿ ಮೂರು ತಿಂಗಳಾದವನಿಗೆ ಮುಕ್ಕಾಲು ಗಂಟೆ ನಿಲ್ಲುವುದು ಸುಲಭವಲ್ಲ. ಎರಡನೆಯ ಸಲ ಹೋಗುವಾಗ ಮಡಚುವ ಸ್ಟೂಲ್ ಒಯ್ದೆ.

ಫೆಬ್ರವರಿಯಲ್ಲಿ ವೈದ್ಯರು ಒಪ್ಪಿದ ಮರುವಾರ ಗಾಡಿ ತಂದೆ. ನನ್ನ ಪತ್ನಿ ಎರಡು ಷರತ್ತು ಹಾಕಿದ್ದಳು: ಮೊದಲ ತಿಂಗಳು ಒಬ್ಬನೇ ಹೋಗಬಾರದು, ಜೇಬಿನಲ್ಲಿ ಆಪರೇಷನ್ನಿನ ವಿವರ, ಮಾತ್ರೆಗಳ ಹೆಸರು, ಫೋನ್ ನಂಬರ್ ಬರೆದ ಚೀಟಿ ಇರಬೇಕು. ಮೊದಲ ದಿನ ಮೇಸ್ತ್ರಿ ತಮ್ಮ ಹುಡುಗನನ್ನು ಬೇರೆ ಬೈಕಿನಲ್ಲಿ ಜೊತೆಗೆ ಕಳಿಸಿದರು. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರಿನವರೆಗೆ ಹೋದೆವು. ಬರೀ ಹನ್ನೆರಡು ಕಿಲೋಮೀಟರಿನ ದಾರಿ. ಅಣೆಕಟ್ಟಿನ ಬಳಿ ಇಳಿದು ತುಂಗೆಯ ನೀರು ನೋಡುತ್ತ ನಿಂತಾಗ ನಾಡಿ ಹಿಡಿದು ಎಣಿಸಿದೆ, 78 ಇತ್ತು. ಹುಡುಗ ಏನೂ ಮಾತಾಡದೆ ನನ್ನ ಗಾಡಿಯನ್ನು ಊರಿನ ಕಡೆಗೆ ತಿರುಗಿಸಿ ನಿಲ್ಲಿಸಿದ. ಐದು ತಿಂಗಳು ಯಾರೋ ಎಬ್ಬಿಸಿ, ಯಾರೋ ನಡೆಸಿ, ಯಾರೋ ಕೂರಿಸಿದ ಮೇಲೆ ನನ್ನದೇ ಕೈಕಾಲಿನ ಮಾತು ಕೇಳುವ ವಸ್ತುವೊಂದರ ಮೇಲೆ ಕುಳಿತು ಬಂದಿದ್ದೆ; ವಾಪಸು ಬರುವಾಗ ಹೆಲ್ಮೆಟ್ಟಿನೊಳಗೆ ಕಣ್ಣು ಒದ್ದೆಯಾಗಿತ್ತು.

ಆಮೇಲೆ ಸಕ್ರೆಬೈಲು, ಮಳೆಗಾಲದ ನಡುವಿನ ಒಂದು ಹೊಳವಿನಲ್ಲಿ ಮಂಡಗದ್ದೆ, ಅಕ್ಟೋಬರಿನಲ್ಲಿ ತೀರ್ಥಹಳ್ಳಿ, ಹೀಗೆ ದೂರ ಬೆಳೆಸಿದೆ. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳ ತುಂಬ ಬೆಳ್ಳಕ್ಕಿಗಳು ಗೂಡು ಕಟ್ಟಿದ್ದವು. ರಸ್ತೆ ಬದಿಯ ಕೆಸರಿನಲ್ಲಿ ಆ ಅಗಲ ಪಾದದ ಸ್ಟ್ಯಾಂಡ್ ಒಂದು ಗಂಟೆ ಅಲ್ಲಾಡದೆ ನಿಂತಿತು. ತೀರ್ಥಹಳ್ಳಿಯವರೆಗಿನ ಅರವತ್ತು ಕಿಲೋಮೀಟರಿಗೆ ನಡುವೆ ಎರಡು ಕಡೆ ಇಳಿದು ಐದೈದು ನಿಮಿಷ ನಡೆದೆ, ಕಾಲು ಊದದಿರಲೆಂದು. ಡಿಸೆಂಬರಿನಲ್ಲಿ ತೀರ್ಥಹಳ್ಳಿಯಲ್ಲಿ ಒಂದು ರಾತ್ರಿ ತಂಗಿ ಆಗುಂಬೆಗೆ ಹೋಗಿ ಬಂದೆ. ಆದರೆ ಘಾಟಿಯ 14 ತಿರುವುಗಳನ್ನು ಇಳಿಯಲಿಲ್ಲ. ಟೂ ಸ್ಟ್ರೋಕ್ ಇಂಜಿನ್ನಿಗೆ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವ ಬಲ ಕಡಿಮೆ, ಎಲ್ಲ ಭಾರವೂ ಡ್ರಮ್ ಬ್ರೇಕಿನ ಮೇಲೆ. ಬ್ರೇಕ್ ಬಿಸಿಯಾಗಿ ಹಿಡಿತ ತಪ್ಪಿದರೆ ಮೊದಲಿನ ಹಾಗೆ ಎರಡೂ ಕಾಲೂರಿ, ಹ್ಯಾಂಡಲ್ ಬಿಗಿಹಿಡಿದು ನಿಲ್ಲಿಸುವ ಮೈ ನನ್ನದಲ್ಲ. ಮೇಸ್ತ್ರಿಯೂ ‘ಮೇಲಿಂದಾನೇ ನೋಡ್ಕೊಂಡ್ ಬನ್ನಿ’ ಎಂದಿದ್ದರು. ಸೂರ್ಯಾಸ್ತದವರೆಗೂ ಕಾಯಲಿಲ್ಲ, ಹೆಡ್‌ಲೈಟಿನ ಕಾರಣಕ್ಕೆ.

ಹಳೆಯ ಜಾವಾ, ಯೆಜ್ಡಿ, ಬುಲೆಟ್ ಇರುವ ಮತ್ತು ಮೈಯಲ್ಲಿ ಏನೋ ಒಂದು ಬದಲಾಗಿರುವ ಯಾರಿಗಾದರೂ ಈ ಗ್ಯಾರೇಜನ್ನು ಮನಸಾರೆ ಹೇಳುತ್ತೇನೆ. ಮಂಡಿ ಬದಲಿಸಿಕೊಂಡ ಒಬ್ಬರ ಬುಲೆಟ್ಟಿಗೆ ಬ್ರೇಕ್ ಪೆಡಲ್ ತಗ್ಗಿಸುವ ಕೆಲಸವೂ ನಾನು ಹೋದಾಗ ಅಲ್ಲಿ ನಡೆಯುತ್ತಿತ್ತು. ಆದರೆ ಅವರು ಮೇಸ್ತ್ರಿ, ವೈದ್ಯರಲ್ಲ. ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ತೆಗೆದುಕೊಳ್ಳುವವರು, ಎದೆಯಲ್ಲಿ ಪೇಸ್‌ಮೇಕರ್ ಅಥವಾ ಶಾಕ್ ಕೊಡುವ ಯಂತ್ರ ಇರಿಸಿಕೊಂಡವರು ನನ್ನ ಈ ಅನುಭವವನ್ನು ತಮ್ಮದೆಂದು ತಿಳಿಯಬಾರದು; ಅವರ ಅಪಾಯಗಳೇ ಬೇರೆ, ಅವರ ವೈದ್ಯರ ಮಾತೇ ಕೊನೆ. ನನ್ನಂತೆ ಬರೀ ಬೈಪಾಸ್ ಆದವರು ಕೂಡ ಮೂಳೆ ಪೂರ್ತಿ ಕೂಡಿದೆ ಎಂದು ವೈದ್ಯರಿಂದ ಕೇಳಿಕೊಳ್ಳದೆ ಗಾಡಿಯ ಹ್ಯಾಂಡಲ್ ಮುಟ್ಟಬೇಡಿ.

ಬೆಳಿಗ್ಗೆ ಹತ್ತರಿಂದ ಹನ್ನೆರಡರ ನಡುವೆ ಹೋದರೆ ಮೇಸ್ತ್ರಿ ಸಮಾಧಾನವಾಗಿ ಮಾತಿಗೆ ಸಿಗುತ್ತಾರೆ. ಸಂಜೆ ಗಾಡಿ ಒಯ್ಯುವವರ ಗದ್ದಲ. ಹೋಗುವಾಗ ಆರ್‌ಸಿಯ ಜೊತೆಗೆ ಆಸ್ಪತ್ರೆಯ ಡಿಸ್‌ಚಾರ್ಜ್ ಕಾಗದವನ್ನೂ ಒಯ್ಯಿರಿ. ಅವರು ಅದನ್ನು ಓದುವುದಿಲ್ಲ. ನಿಮ್ಮ ಬಾಯಿಂದ ಸಾಲು ಸಾಲಾಗಿ ಓದಿಸಿ, ಅರ್ಥ ಹೇಳಿಸಿಕೊಂಡು, ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಳ್ಳುತ್ತಾರೆ.